ನೆಂಟರ ಲೈನು ತೆಗೆದ ಮೇಡಂ

ನಮ್ಮ ಕಡೆ ಫೋನ್ ಎತ್ತಿಕೊಂಡವರು ಮೊದಲು ಯಾರು ಎಂದು ಕೇಳುತ್ತಾರೆ. ಹೆಸರು ಹೇಳಿದರೆ ಸಾಲದು. ಯಾರ ಮನೆಯವರು, ಯಾರ ಮಗ, ಯಾರ ಅಳಿಯ ಎಂಬುದೆಲ್ಲ ಬಗೆಹರಿದ ಮೇಲೆಯೇ ವಿಷಯಕ್ಕೆ ಬರುವುದು. ನಮ್ಮ ಮೇಡಂ ಹಾಗಲ್ಲ. ಫೋನ್ ಎತ್ತಿದ ಕೂಡಲೇ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಎಲ್ಲಿಂದ ಮಾತಾಡ್ತಿದೀರಿ?”

“ನಾನು ನಿಮ್ಮ ಕಂಪನಿ ಯಜಮಾನ್ರ ಷಡ್ಕನ ತಮ್ಮ ಮಾತಾಡೋದು” ಎಂದು ಆ ಕಡೆಯವರು ಎದೆಯುಬ್ಬಿಸಿ ಶುರು ಮಾಡಿದರೆ, “ಅದಿರ್ಲಿ, ಎಲ್ಲಿಂದ?” ಎನ್ನುತ್ತಿದ್ದರು. ಪಾಪ, ಆ ಮನುಷ್ಯನಿಗೆ ಅಲ್ಲಿಗೇ ಅರ್ಧ ಜೀವ ಹೋಗುತ್ತಿತ್ತು. ಊರಿನ ಹೆಸರು ಹೇಳಿದ ಮೇಲೆ ಮಾತ್ರ ಅವರ ದನಿ ಮೆದುವಾಗುತ್ತಿತ್ತು. ನಿಮ್ಮಲ್ಲಿ ಕರೆಂಟ್ ಇದೆಯಾ, ಗಾಳಿ ಬಂತಾ, ನೆಟ್ಟಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗ್ತಾ ಇದೆಯೋ ನಿಂತಿದೆಯೋ ಎಂದು ಒಂದೊಂದಾಗಿ ವಿಚಾರಿಸುವರು. ಅವರಿಗೆ ಅಹಂಕಾರ ಎಂದು ಹೇಳಿಕೊಂಡು ತಿರುಗುವವರು ಸಾಗರ ಪೇಟೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಆ ಒಂದು ಪ್ರಶ್ನೆಯಲ್ಲಿ ಅವರ ವಿದ್ಯೆಯೆಲ್ಲ ಇತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ಬೇಸಿಗೆಯಲ್ಲಿ ಮೇಡಂ ನಮ್ಮ ಕಚೇರಿ ಬಿಟ್ಟರು. ಅವರ ಬಗ್ಗೆ ಒಂದಿಷ್ಟು ಬರೆಯುತ್ತೇನೆ ಎಂದಾಗ ಅವರು ಚೀಲಕ್ಕೆ ಊಟದ ಡಬ್ಬಿ ತುರುಕುತ್ತಾ, “ಬರಿ ಬೇಕಾದ್ರೆ. ಹೆಸರು ಮಾತ್ರ ಹಾಕ್ಬೇಡ ಮಾರಾಯ. ಹೆಸರು ಹಾಕಿದ್ರೆ ನಂಬರ್ ಹುಡ್ಕಿ ಫೋನ್ ಮಾಡ್ತಾರೆ, ನಮ್ಮನೆ ನೆಟ್ ಹೋಗಿದೆ ಅಂತ” ಎಂದರು. ಆದ್ದರಿಂದ ಹೆಸರಿಲ್ಲ.

ನಮ್ಮ ಕಂಪನಿಯ ಹುಟ್ಟಿನ ಕಥೆ ಸ್ವಲ್ಪ ಹೇಳಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ಒಬ್ಬೊಬ್ಬರು ಕೇಬಲ್ ಟಿ.ವಿ. ನಡೆಸುತ್ತಿದ್ದರು. ಟಿ.ವಿ.ಯ ಕಾಲ ಮುಗಿಯುತ್ತಾ ಬಂದು, ಮನೆಮನೆಗೆ ಇಂಟರ್ನೆಟ್ ಕೊಡದಿದ್ದರೆ ಉಳಿಗಾಲವಿಲ್ಲ ಎಂದು ಗೊತ್ತಾದಾಗ ಮೂವರೂ ಸೇರಿ ಒಂದು ಕಂಪನಿ ಮಾಡಿದರು. ಮುಖ್ಯ ಕಚೇರಿ ಸಾಗರದಲ್ಲಿ, ಉಳಿದೆರಡು ಊರಲ್ಲಿ ಒಂದೊಂದು ಸಣ್ಣ ಕಚೇರಿ. ಮೂವರನ್ನೂ ನಾವು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಸಾಗರದವರು ತೋಟದ ಮನೆತನದವರು, ಮಾತು ನಯ, ಹಟ ಜಾಸ್ತಿ. ಹೊಸನಗರದವರು ಗದ್ದೆ ಮಾಡಿಕೊಂಡೇ ಕೇಬಲ್ ಎಳೆದವರು, ಕಂಬ ಹತ್ತಲು ಇವತ್ತಿಗೂ ಆಳಿಗೆ ಕಾಯುವುದಿಲ್ಲ. ತೀರ್ಥಹಳ್ಳಿಯವರು ಯಾವ ಸಭೆಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ, ಆದರೆ ಬಂದ ಮೇಲೆ ಎಲ್ಲರನ್ನೂ ನಗಿಸುವವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಮೂರನೆಯ ಪ್ರಾಣಿಯೊಂದನ್ನು ಸೇರಿಸಿದರೆ ನಮ್ಮ ಆಡಳಿತ ಮಂಡಳಿ.

ಮೇಡಂ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಬಂದವರು. ಹುಟ್ಟೂರು ಹೊಸನಗರದ ಕಡೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ “ಟೈಮ್ ಆಗ್ಲಿಲ್ಲ” ಎನ್ನುತ್ತಿದ್ದರು, ಬಸ್ಸು ತಪ್ಪಿದ್ದಕ್ಕೆ ಹೇಳುವ ದನಿಯಲ್ಲೇ. ನಾನು ಆಗಲೇ ಅಲ್ಲಿ ರೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ರೂಟರು ಎಂದರೆ ಯಾವ ಮನೆಗೆ ಯಾವ ದಾರಿಯಲ್ಲಿ ಹೋಗಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆ. ಮೂರು ತಾಲೂಕಿನಲ್ಲಿ ಅಂಥವು ಬೇಕಾದಷ್ಟು ಇದ್ದವು. ಕೆಲವು ಹೊಸವು, ಬಹಳಷ್ಟು ಹಳೆಯವು, ಅಗ್ಗದವು.

ಬಂದ ದಿನ ಅವರು ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಯಂತ್ರಗಳ ಕೋಣೆಗೆ ಹೋಗಿ, ಒಂದೊಂದು ರೂಟರಿನ ಬೆನ್ನ ಮೇಲೂ ಅಂಗೈ ಇಟ್ಟು ನೋಡಿದರು. ಮಕ್ಕಳಿಗೆ ಜ್ವರ ಬಂದಿದೆಯೇ ಎಂದು ನೋಡುತ್ತೇವಲ್ಲ, ಹಾಗೆ. ಮೂಲೆಯಲ್ಲಿದ್ದ ದೊಡ್ಡ ಪೆಟ್ಟಿಗೆಯ ಮೇಲೆ ಕೈ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

“ಇದು ಯಾವಾಗ್ಲೂ ಇಷ್ಟು ಬಿಸಿ ಇರತ್ತಾ?”

“ಮಳೆಗಾಲದಲ್ಲಿ ಇನ್ನೂ ಜಾಸ್ತಿ ಮೇಡಂ.”

“ಮಳೆಗಾಲದಲ್ಲಿ ಜಾಸ್ತಿ!” ಎಂದು ನನ್ನ ಮುಖ ನೋಡಿದರು. “ಎಲ್ರಿಗೂ ಚಳಿ ಆಗೋವಾಗ ಇದಕ್ಕೊಂದು ಬಿಸಿ ಆಗತ್ತೆ ಅಂದ್ರೆ ಏನೋ ಚಿಂತೆ ಇದೆ ಇದಕ್ಕೆ.”

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಆ ವರ್ಷದ ಮಳೆಗಾಲ ನಮ್ಮ ಕಂಪನಿಯನ್ನು ಮುಗಿಸಿಯೇ ಬಿಡುತ್ತದೆ ಎಂದುಕೊಂಡಿದ್ದೆವು. ಹೊಸನಗರ ತಾಲೂಕಿನ ಹುಲಿಕಲ್ ಘಾಟಿಯಲ್ಲಿ ನಮ್ಮ ಫೈಬರ್ ಎಳೆ ಕಾಡಿನೊಳಗೆ ಕಂಬದಿಂದ ಕಂಬಕ್ಕೆ ಹೋಗುತ್ತದೆ. ಗಾಳಿಗೆ ಕೊಂಬೆಯೊಂದು ಅದರ ಮೇಲೆ ಒರಗಿ, ಏಳುತ್ತಾ, ಮತ್ತೆ ಒರಗುತ್ತಾ ಇತ್ತು. ಸಂಪರ್ಕ ಹೋಗುವುದು, ಬರುವುದು, ಹೋಗುವುದು. ಹುಲಿಕಲ್ಲಿನ ನಾಲ್ಕು ಮನೆಗೆ ತೊಂದರೆಯಾಗಿದ್ದರೆ ಸರಿ. ಸಾಗರದ ಪೇಟೆಯಲ್ಲಿ ಅಂಗಡಿಯವರ ನೆಟ್ ನಿಂತಿತು, ತೀರ್ಥಹಳ್ಳಿಯಲ್ಲಿ ಶಾಲೆಗಳ ನೆಟ್ ನಿಂತಿತು. ಜನ ಕಚೇರಿಗೇ ಬಂದು ಬೈದರು. ಸಾಗರದವರು ಹೊಸನಗರದವರಿಗೆ ಫೋನ್ ಮಾಡಿ ಕೂಗಿದರು. ಹೊಸನಗರದವರು ಗರಗಸ ಹಿಡಿದು ಘಾಟಿಯಲ್ಲಿ ಮಳೆಯಲ್ಲಿ ನಿಂತಿದ್ದರು. ಅಲ್ಲಿಂದಲೇ ತಿರುಗಿ ಕೂಗಿದರು.

ಆಮೇಲೆ ನಡೆದ ಸಭೆಯಲ್ಲಿ ಸಾಗರದವರು ಸೌಮ್ಯವಾಗಿಯೇ ಶುರು ಮಾಡಿದರು. “ಅಲ್ಲ ಮೇಡಂ, ಹುಲಿಕಲ್ಲಲ್ಲಿ ಕೊಂಬೆ ಅಲ್ಲಾಡಿದ್ರೆ ಸಾಗರದಲ್ಲಿ ಎಂತಕ್ಕೆ ನಿಲ್ಬೇಕು? ನಮ್ಮ ಗಿರಾಕಿಗೆ ಎಂತ ಹೇಳೋದು ನಾವು?” ಬೇಜಾರು ಏರಿದರೆ ಅವರಿಗೆ ಮನೆಯ ಹವ್ಯಕ ಮಾತೇ ಬರುತ್ತಿತ್ತು, ನಾವು ಎನ್ನುವುದು ಎಂಗೊ ಆಗುತ್ತಿತ್ತು. “ಹಿಂಗೇ ಆದ್ರೆ ಎಂಗೊ ಬೇರೆ ಆಗ್ತ್ಯ. ಮತ್ತೆ ದಾರಿ ಇಲ್ಲೆ.”

“ಆಗಿ! ಈಗ್ಲೇ ಆಗಿ!” ಎಂದು ಹೊಸನಗರದವರು ಎದ್ದು ನಿಂತರು. ತೀರ್ಥಹಳ್ಳಿಯವರು ಆ ದಿನ ಯಾರನ್ನೂ ನಗಿಸಲಿಲ್ಲ.

ಬೇರೆಯಾದರೆ ಮೂವರೂ ಮುಳುಗುತ್ತಾರೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೊರಗಿನಿಂದ ಇಂಟರ್ನೆಟ್ ತರುವ ದೊಡ್ಡ ಸಂಪರ್ಕವನ್ನು ಒಬ್ಬೊಬ್ಬರೇ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಘಾಟಿಯ ಹಳ್ಳಿಗಳ ಕಡೆ ಬೇರೆ ಯಾವ ಕಂಪನಿಯೂ ತಿರುಗಿ ನೋಡುತ್ತಿರಲಿಲ್ಲ. ಮೇಡಂ ತಮ್ಮ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿದರು. ಅದು ಅವರು ಮಾತಾಡುತ್ತಾರೆ ಎಂಬುದರ ಸೂಚನೆ.

“ಮುಂದಿನ ಮಳೆಗಾಲದ ತನಕ ಕಾಯ್ರಿ. ಆಗಲೂ ಹಿಂಗೇ ಆದ್ರೆ ಬೇರೆ ಆಗಿ, ನಾನೂ ಮನೆಗೆ ಹೋಗ್ತೀನಿ. ಸರಿ ಆದ್ರೆ ನೀವು ಒಟ್ಟಿಗೆ ಇರಿ, ಆಗಲೂ ನಾನು ಮನೆಗೆ ಹೋಗ್ತೀನಿ. ಮಂಡಿ ನೋವು ನನಗೆ.”

ಮೂವರೂ ಒಪ್ಪಿದರು. ಬೇರೆ ಉಪಾಯ ಇರಲಿಲ್ಲ.

ಕಾಯಿಲೆ ಏನು ಎಂದು ಅವರು ನನಗೆ ಹೇಳಿಕೊಟ್ಟದ್ದು ಮಾರನೆಯ ದಿನ, ಕಾಫಿ ಕುಡಿಯುತ್ತಾ. ನಮ್ಮ ರೂಟರುಗಳು ತಮ್ಮೊಳಗೆ ಮಾತಾಡಿಕೊಳ್ಳುವ ಕ್ರಮಕ್ಕೆ ಓಎಸ್‌ಪಿಎಫ್ ಎಂದು ಹೆಸರು. ಆ ಕ್ರಮದಲ್ಲಿ ಪ್ರತಿ ರೂಟರಿಗೂ ಇಡೀ ಜಾಲದ ನಕ್ಷೆ ಬಾಯಿಪಾಠ ಇರಬೇಕು. ಎಲ್ಲಿ ಒಂದು ಎಳೆ ಕಡಿದರೂ ಸುದ್ದಿ ಎಲ್ಲಕ್ಕೂ ಹೋಗುತ್ತದೆ. ಎಲ್ಲವೂ ಕೂತು ಎಲ್ಲ ದಾರಿಗಳನ್ನೂ ಮೊದಲಿನಿಂದ ಲೆಕ್ಕ ಹಾಕುತ್ತವೆ. ಹುಲಿಕಲ್ಲಿನ ಕೊಂಬೆ ಒಂದೊಂದು ಸಲ ಅಲ್ಲಾಡಿದಾಗಲೂ ಸಾಗರದ ಹತ್ತಿರದ ವರದಹಳ್ಳಿಯ ರೂಟರು, ತೀರ್ಥಹಳ್ಳಿ ಕಡೆಯ ಮೇಳಿಗೆಯ ರೂಟರು, ನಮ್ಮ ಮೂಲೆಯ ದೊಡ್ಡ ಪೆಟ್ಟಿಗೆ, ಎಲ್ಲವೂ ಲೆಕ್ಕಕ್ಕೆ ಕೂರುತ್ತಿದ್ದವು. ಹಳೆಯ ಪೆಟ್ಟಿಗೆಗಳಿಗೆ ಆ ಲೆಕ್ಕದ ಭಾರದಲ್ಲಿ ಪಕ್ಕದವರ ಕರೆಗೆ ಓಗೊಡಲೂ ಬಿಡುವಾಗುತ್ತಿರಲಿಲ್ಲ. ಓಗೊಡದವನು ಸತ್ತ ಎಂದು ಪಕ್ಕದವನು ತಿಳಿಯುತ್ತಿದ್ದ. ಅದೂ ಒಂದು ಸುದ್ದಿಯಾಗಿ ಎಲ್ಲ ಕಡೆ ಹೋಗುತ್ತಿತ್ತು.

“ಕೋಣೆನೇ ಇಲ್ದಿರೋ ಮನೆ ಇದು” ಎಂದರು ಮೇಡಂ. “ಒಂದು ಮಗು ಅತ್ರೆ ಎಲ್ರೂ ಎದ್ದು ಕೂರ್ತಾರೆ. ಗೋಡೆ ಕಟ್ಬೇಕು.”

“ಪಾಲು ಮಾಡೋದಾ ಮೇಡಂ?”

“ಪಾಲು ಅಂತ ಯಾರ ಎದ್ರಿಗೂ ಹೇಳ್ಬೇಡ ಮಾರಾಯ, ಮೊದ್ಲೇ ಅವರಿಗೆ ಆ ಮಾತು ನಾಲಿಗೆ ತುದೀಲಿದೆ. ಮನೆ ಒಂದೇ. ಮಧ್ಯ ಒಂದು ಜಗಲಿ, ಸುತ್ತ ಮೂರು ಕೋಣೆ.”

ಜಗಲಿ ಎಂದರೆ ಮೂರೂ ಪೇಟೆಗಳ ದೊಡ್ಡ ರೂಟರುಗಳನ್ನು ಜೋಡಿಸುವ ನಡುವಿನ ವಲಯ. ಅದಕ್ಕೆ ಸೊನ್ನೆ ಎಂಬ ಸಂಖ್ಯೆ. ಒಂದೊಂದು ತಾಲೂಕು ಒಂದೊಂದು ವಲಯ. ಹೊಸನಗರದ ಒಳಗಿನ ಗಲಾಟೆ ಹೊಸನಗರದ ಬಾಗಿಲಲ್ಲೇ ನಿಲ್ಲಬೇಕು. ಬಾಗಿಲಲ್ಲಿ ಕೂತ ರೂಟರು ಹೊರಗಿನವರಿಗೆ ಒಂದೇ ಮಾತು ಹೇಳಬೇಕು: ಹೊಸನಗರ ತಾಲೂಕಿನ ವಿಳಾಸಗಳೆಲ್ಲ ನನ್ನ ಮೂಲಕ. ಒಳಗೆ ಯಾವ ಹಳ್ಳಿ, ಯಾವ ಮನೆ, ಯಾವ ಕೊಂಬೆ, ಅದು ಹೊರಗಿನವರಿಗೆ ಬೇಡ. ನೂರಾರು ಸಾಲಿನ ಬದಲು ಒಂದು ಸಾಲು.

ಆದರೆ ಹಾಗೆ ಒಂದೇ ಸಾಲಿನಲ್ಲಿ ಹೇಳಬೇಕಾದರೆ ಒಂದು ತಾಲೂಕಿನ ಮನೆಗಳ ವಿಳಾಸಗಳೆಲ್ಲ, ಅಂದರೆ ನೆಟ್ ಕೊಡುವಾಗ ಪ್ರತಿ ಮನೆಗೂ ನಾವು ಹಾಕುವ ಸಂಖ್ಯೆಗಳೆಲ್ಲ, ಒಂದೇ ಕಂತೆಯಲ್ಲಿರಬೇಕು. ಇಲ್ಲಿಯೇ ನಾವು ನಮ್ಮ ಬುದ್ಧಿ ತೋರಿಸಿದ್ದೆವು. ಇಂಥ ತಪ್ಪು ಬೇರೆ ಯಾವ ದೇಶದ ಎಂಜಿನಿಯರುಗಳಿಗೂ ಹೊಳೆಯುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಕಂಪನಿ ಶುರುವಾದಾಗ ಮೂವರಿಗೂ ಒಂದೊಂದು ಕಂತೆ ವಿಳಾಸ ಕೊಟ್ಟಿದ್ದರು. ಸಾಗರದವರ ಮಗಳನ್ನು ಕೊಟ್ಟಿದ್ದು ಮೇಳಿಗೆಯ ಹತ್ತಿರ, ತೀರ್ಥಹಳ್ಳಿ ತಾಲೂಕಿಗೆ. ಅವಳ ಮನೆಗೆ ನೆಟ್ ಕೊಡುವಾಗ ಸಾಗರದವರು, “ಅದು ಎಂಗಳ ಮನೆ ಲೆಕ್ಕ” ಎಂದು ತಮ್ಮ ಕಂತೆಯಿಂದಲೇ ವಿಳಾಸ ಕೊಡಿಸಿದರು. ನಮ್ಮ ಕಂತೆಯಲ್ಲಿದ್ದರೆ ನಮ್ಮ ಹುಡುಗರೇ ನೋಡಿಕೊಳ್ಳುತ್ತಾರೆ ಎಂಬ ಲೆಕ್ಕಾಚಾರ. ಅದನ್ನು ಕಂಡು ತೀರ್ಥಹಳ್ಳಿಯವರು ವರದಹಳ್ಳಿ ರಸ್ತೆಯಲ್ಲಿದ್ದ ತಮ್ಮ ಭಾವನ ಮನೆಗೆ ತೀರ್ಥಹಳ್ಳಿಯ ವಿಳಾಸ ಕೊಟ್ಟರು. ಹೊಸನಗರದವರಿಗೆ ಮೂರೂ ತಾಲೂಕಿನಲ್ಲಿ ಅಕ್ಕತಂಗಿಯರು. ಆಮೇಲೆ ಲೈನ್‌ಮ್ಯಾನ್‌ಗಳ ಮಾವಂದಿರು, ಲೈನ್‌ಮ್ಯಾನ್‌ಗಳ ಮಾವಂದಿರ ಸ್ನೇಹಿತರು. ಇವಕ್ಕೆಲ್ಲ ಕಚೇರಿಯಲ್ಲಿ ನೆಂಟರ ಲೈನು ಎಂದೇ ಹೆಸರು ಬಿದ್ದಿತ್ತು. ಅದು ನಮ್ಮಲ್ಲಿ ಮರ್ಯಾದೆಯ ವಿಷಯ. ನೆಂಟರ ಲೈನು ಇಲ್ಲದವನನ್ನು ಯಾರೂ ಇಲ್ಲದವನು ಎಂಬಂತೆ ನೋಡುತ್ತಿದ್ದರು.

ಮೇಳಿಗೆಯ ಮನೆಗೆ ಸಾಗರದ ವಿಳಾಸ ಇದ್ದರೆ ತೀರ್ಥಹಳ್ಳಿಯ ಒಂದೇ ಸಾಲಿನಲ್ಲಿ ಅದು ಸೇರುವುದಿಲ್ಲ. ಅದಕ್ಕೆ ಪ್ರತ್ಯೇಕ ಸಾಲು ಬೇಕು, ಆ ಸಾಲು ಎಲ್ಲ ರೂಟರಿಗೂ ಗೊತ್ತಿರಬೇಕು. ಆ ಮನೆಯಲ್ಲಿ ಮಿಕ್ಸಿ ಹಾಕಿ ಫ್ಯೂಸ್ ಹೋದರೆ ಹುಲಿಕಲ್ ಘಾಟಿಗೂ ಸುದ್ದಿ ಮುಟ್ಟುತ್ತಿತ್ತು. ಇದನ್ನು ಪರದೆಯ ಮೇಲೆ ಕಂಡ ದಿನ ಮೇಡಂ ಕನ್ನಡಕ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಗು ನಿಂತ ಮೇಲೆ, “ವಿಳಾಸ ಅನ್ನೋದು ಊರಿಗೆ ಕೊಡೋದು. ನೆಂಟಸ್ತಿಕೆಗೆ ಮದುವೆ ಕಾಗದ ಕೊಟ್ರೆ ಸಾಕು” ಎಂದರು.

ಹೇಳುವುದು ಸುಲಭ. ಸಾಗರದವರು ಖಡಾಖಂಡಿತ ಒಪ್ಪಲಿಲ್ಲ. “ಎಂಗಳ ಕೂಸಿನ ಮನೆ ಅದು. ನಾನು ಇಲ್ಲಿ ಕಂಪನಿ ಇಟ್ಕಂಡು, ಅದು ಅಲ್ಲಿ ಬೇರೆಯವ್ರಿಗೆ ಫೋನ್ ಮಾಡಿ ಕಾಯದು ಹ್ಯಾಂಗೆ?” ಎಂದರು. ಮಗಳು ಎನ್ನುವುದಕ್ಕೆ ಅವರ ಮನೆಯಲ್ಲಿ ಕೂಸು ಎನ್ನುತ್ತಾರೆ. ಆ ಕೂಸಿಗೆ ಆಗಲೇ ಇಬ್ಬರು ಮಕ್ಕಳು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಮಗಳನ್ನು ದೂರ ಕೊಟ್ಟ ಅಪ್ಪನಿಗೆ ಅದೊಂದು ಎಳೆ ಕೈಯಲ್ಲಿತ್ತು. ಹೊಸನಗರದವರದೂ ಅದೇ ರಾಗ: “ಅವರು ಬಿಟ್ರೆ ನಾನು ಬಿಡ್ತೀನಿ ಅಕ್ಕ. ಮೊದ್ಲು ನಾನು ಯಾಕೆ ಬಿಡ್ಲಿ?”

ಮೇಡಂ ವಾದ ಮಾಡಲಿಲ್ಲ. ಪರದೆಯ ಮೇಲೆ ನೆಂಟರ ಲೈನುಗಳನ್ನು ಒಂದೊಂದಾಗಿ ನೋಡುತ್ತಾ ಹೋದವರು ಒಂದು ಕಡೆ ನಿಂತರು.

“ಇದು ಯಾರ ಮನೆ?”

ನಾನು ಸ್ವಲ್ಪ ಹಿಂಜರಿದೆ. ಅದು ಮೇಳಿಗೆಯಲ್ಲಿದ್ದ ಅವರ ತಮ್ಮನ ಮನೆ. ಅವರು ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೇಲೆ ಲೈನ್‌ಮ್ಯಾನ್‌ಗಳು ಗೌರವಕ್ಕೆಂದು ಅದನ್ನೂ ಸಾಗರದ ಕಂತೆಗೆ ಸೇರಿಸಿದ್ದರು. ಅವರು ಕೇಳಿರಲಿಲ್ಲ. ಅವರಿಗೆ ಗೊತ್ತೂ ಇರಲಿಲ್ಲ.

“ಮೊದ್ಲು ಇದನ್ನ ತೆಗಿ” ಎಂದರು.

“ಎಲ್ಲಾ ಒಟ್ಟಿಗೆ ಮಾಡೋಣ ಮೇಡಂ. ಅವರಿಗೆ ಯಾಕೆ ಮೊದ್ಲು...”

“ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಆಗ್ಬಾರ್ದು. ತೆಗಿ.”

ತೆಗೆದೆ. ತಮ್ಮನ ಮನೆಗೆ ತೀರ್ಥಹಳ್ಳಿಯ ವಿಳಾಸ ಬಂತು. ಗ್ರಹಚಾರ ನೋಡಿ, ಆ ವಾರವೇ ಅವರ ಲೈನು ಕೆಟ್ಟಿತು. ಆ ತಮ್ಮ ನೇರವಾಗಿ ಅಕ್ಕನಿಗೇ ಫೋನ್ ಮಾಡಿದ. ಮೇಡಂ ಫೋನನ್ನು ಮೇಜಿನ ಮೇಲಿಟ್ಟು, ಕೆಲಸ ಮಾಡುತ್ತಲೇ ಮಾತಾಡುವವರು. ಹಾಗಾಗಿ ನನಗೂ ಕೇಳಿಸಿತು.

“ಅಕ್ಕ, ನೆಟ್ ಬರ್ತಾ ಇಲ್ಲ. ಒಬ್ರನ್ನ ಕಳ್ಸು.”

“ತೀರ್ಥಹಳ್ಳಿ ಆಫೀಸಿಗೆ ಮಾಡೋ. ಕಂಪ್ಲೇಂಟ್ ಬರ್ಸು. ಬರ್ತಾರೆ.”

“ನೀನು ಅಲ್ಲಿ ಇದ್ದೂ ನಾನು ಕಂಪ್ಲೇಂಟ್ ಬರ್ಸ್ಬೇಕಾ?”

“ಹೂಂ. ಬರ್ಸ್ಬೇಕು.”

ಫೋನ್ ಪಟ್ಟನೆ ಕಡಿಯಿತು. ಮೇಡಂ ತೀರ್ಥಹಳ್ಳಿ ಕಚೇರಿಯ ನಂಬರು ಒತ್ತಿದರು. ಇನ್ನೇನು ಕರೆ ಹೋಗಬೇಕು, ನಿಲ್ಲಿಸಿ ಫೋನ್ ಕೆಳಗಿಟ್ಟರು. ಮತ್ತೆ ಎತ್ತಿದರು, ಮತ್ತೆ ಇಟ್ಟರು. ಆಮೇಲೆ ಅದನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿ, ಕಾಫಿ ಕುಡಿಯಲು ಹೊರಗೆ ಹೋದರು. ತಮ್ಮನ ಲೈನು ಮಾರನೆಯ ದಿನ ಸರಿಯಾಯಿತು, ಉಳಿದವರ ಲೈನಿನಂತೆಯೇ. ತಮ್ಮ ಮಾತ್ರ ಆ ಚಳಿಗಾಲ ಪೂರ್ತಿ ಅವರ ಹತ್ತಿರ ಮಾತಾಡಲಿಲ್ಲ. ದೀಪಾವಳಿಗೆ ಮೇಡಂ ಮೇಳಿಗೆಗೆ ಹೋಗದೆ ಸಾಗರದ ಬಾಡಿಗೆ ಮನೆಯಲ್ಲೇ ಉಳಿದರು. ನನ್ನ ಹೆಂಡತಿ ಕಳಿಸಿದ ಹೋಳಿಗೆ ಕೊಡಲು ಹೋದಾಗ, “ತಮ್ಮನ ಹೆಂಡ್ತಿ ಇದಕ್ಕಿಂತ ಚೆನ್ನಾಗಿ ಮಾಡ್ತಾಳೆ” ಎಂದು ತಿಂದರು.

ಈ ಸುದ್ದಿ ಕಂಪನಿಯಲ್ಲಿ ಹರಡಲು ಯಾವ ರೂಟರೂ ಬೇಕಾಗಲಿಲ್ಲ. ಒಂದು ದಿನ ಸಾಗರದವರು ಬಂದು ಮೇಡಂ ಮೇಜಿನ ಮುಂದೆ ನಿಂತರು. ಕೂರಲಿಲ್ಲ.

“ನಿಮ್ಮ ತಮ್ಮಂದೇ ಬದಲಾತಡ ಅಲ್ದಾ?” ಎಂದರು. ಅಡ ಎಂದರೆ ಅವರ ಮಾತಿನಲ್ಲಿ ಅಂತೆ.

“ಹೌದು.”

“ಅವ ಮಾತಾಡ್ತಿಲ್ಲೆ ಅಡ.”

“ಮಾತಾಡ್ತಾನೆ ಬಿಡಿ. ಎಲ್ಲಿ ಹೋಗ್ತಾನೆ.”

ಸಾಗರದವರು ಕಿಟಕಿಯಾಚೆ ನೋಡಿದರು. “ಹಂಗಾರೆ ಎಂಗಳ ಕೂಸಿಂದೂ ಮಾಡಿಬಿಡಿ” ಎಂದು ಹೇಳಿ ಹೊರಟುಹೋದರು. ಆಮೇಲೆ ಉಳಿದವು ಒಂದೊಂದೇ ಬಂದವು. ಹೊಸನಗರದವರ ಅಕ್ಕತಂಗಿಯರು, ತೀರ್ಥಹಳ್ಳಿಯವರ ಭಾವ, ಮಾವಂದಿರು, ಮಾವಂದಿರ ಸ್ನೇಹಿತರು. ಬೇಸಿಗೆಯ ಹೊತ್ತಿಗೆ ನೆಂಟರ ಲೈನು ಎಂಬುದೇ ಇರಲಿಲ್ಲ.

ಗೋಡೆ ಕಟ್ಟುವ ಕೆಲಸ ಆಮೇಲೆ. ಎರಡು ರೂಟರುಗಳ ನಡುವಿನ ಎಳೆಗೆ ಎರಡೂ ತುದಿಯಲ್ಲಿ ಒಂದೇ ವಲಯದ ಸಂಖ್ಯೆ ಹಾಕಿದರೆ ಮಾತ್ರ ಅವು ಪರಸ್ಪರ ಮಾತಾಡುತ್ತವೆ. ನಾವು ಕೂತಿರುವ ಕಡೆಯ ಸಂಖ್ಯೆ ಮೊದಲು ಬದಲಿಸಿದರೆ ಆ ಕಡೆಯ ಪೆಟ್ಟಿಗೆ ಕೈಗೆ ಸಿಗುವುದೇ ಇಲ್ಲ. ಆದ್ದರಿಂದ ಮೇಡಂ ಮಂತ್ರದಂತೆ ಹೇಳುತ್ತಿದ್ದರು: “ದೂರದ್ದು ಮೊದಲು, ಹತ್ತಿರದ್ದು ಆಮೇಲೆ.” ಮೂರೂ ಕಚೇರಿಯವರಿಗೆ ಬಾಯಿಪಾಠ ಮಾಡಿಸಿದ್ದರು. ಆದರೂ ಹೊಸನಗರದವರು ಉತ್ಸಾಹದಲ್ಲಿ ತಮ್ಮ ಕಡೆಯದನ್ನೇ ಮೊದಲು ಬದಲಿಸಿ, ಹುಲಿಕಲ್ಲನ್ನು ಕಳಚಿಹಾಕಿಬಿಟ್ಟರು.

ಮೇಡಂ ಬೈಯುತ್ತಾರೆ ಎಂದು ನಾನು ಕಾದೆ. ಅವರು ಕೊಡೆ ತೆಗೆದುಕೊಂಡು, ಲ್ಯಾಪ್‌ಟಾಪನ್ನು ನನ್ನ ಹೆಗಲಿಗೆ ಹಾಕಿ, “ನಡಿ, ಹುಲಿಕಲ್ ನೋಡಿ ಬಹಳ ದಿನ ಆಗಿತ್ತು” ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಯಾವ ಕಂಬದಲ್ಲಿ ನಮ್ಮ ಎಳೆ ಇದೆ, ಯಾವುದರಲ್ಲಿ ಇಲ್ಲ ಎಂದು ದಾರಿಯುದ್ದಕ್ಕೂ ನೋಡಿದರು. ಹುಲಿಕಲ್ಲಿನಲ್ಲಿ ಹೊಸನಗರದವರು ನಮಗಿಂತ ಮೊದಲೇ ಬಂದು, ತಪ್ಪು ಮಾಡಿದ ಮಗುವಿನ ಹಾಗೆ ಮುಖ ಮಾಡಿಕೊಂಡು ನಿಂತಿದ್ದರು.

“ಅಕ್ಕ, ಕೈ ಮುಂದೆ ಹೋಗ್ಬಿಡ್ತು.”

“ಹೋಗ್ಲಿ ಬಿಡಿ. ಕೂತ್ಕಳಿ ಇಲ್ಲಿ. ಈಗ ನೀವೇ ಸರಿ ಮಾಡಿ, ನಾನು ನೋಡ್ತೀನಿ.”

ಅವರು ಒಂದೊಂದೇ ಅಕ್ಷರ ಒತ್ತಿ ಸರಿ ಮಾಡುವ ತನಕ ಮೇಡಂ ಕೈ ಕಟ್ಟಿಕೊಂಡು ಕೂತರು. ನಾನು ಮಾಡಿದ್ದರೆ ಆ ಕೆಲಸ ಬೇಗ ಮುಗಿಯುತ್ತಿತ್ತು. ನಾನು ಕೈ ಚಾಚಿದಾಗ ನನ್ನ ಮಣಿಕಟ್ಟಿನ ಮೇಲೆ ಕೊಡೆಯಿಂದ ಮೆಲ್ಲಗೆ ತಟ್ಟಿದರು.

ಇನ್ನೊಂದು ಸಣ್ಣ ಸಂಗತಿ. ತಾಲೂಕಿನ ಬಾಗಿಲಲ್ಲಿ ಒಂದು ಸಾಲು ಸಾರಿದ ಮೇಲೆ, ಇಲ್ಲದ ಮನೆಯ ವಿಳಾಸಕ್ಕೂ ಏನಾದರೂ ಬಂದು ಬೀಳುತ್ತದೆ. ಅದನ್ನು ಅಲ್ಲೇ ನಿಲ್ಲಿಸಲು ಒಂದು ಆಜ್ಞೆ ಬರೆಯಬೇಕು. ಬರೆಯದಿದ್ದರೆ ಅದು ಒಳಗೂ ಹೊರಗೂ ಸುತ್ತುತ್ತಾ ಇರುತ್ತದೆ. ಆ ಆಜ್ಞೆ ಬರೆಯುವಾಗ ಮೇಡಂ, “ನಮ್ಮಲ್ಲಿ ಇಲ್ಲ ಅಂತ ಬಾಗಿಲಲ್ಲೇ ಹೇಳ್ಬೇಕು. ಹೋಗಿ ನೋಡಿ ಅಂತ ಅಲೆಸ್ಬಾರ್ದು” ಎಂದರು. ಎಷ್ಟು ಕಚೇರಿಗಳ ಬಾಗಿಲಲ್ಲಿ ಆ ಮಾತನ್ನು ಬರೆಸಿ ಹಾಕಬೇಕು ಎಂದು ನನಗೆ ಆಗಾಗ ಅನಿಸುತ್ತದೆ.

ಮಳೆಗಾಲ ಬಂತು. ನಾವೆಲ್ಲ ಪರದೆಯ ಮುಂದೆ ಕಾದು ಕೂತೆವು. ಒಂದು ಮಧ್ಯಾಹ್ನ ಮೇಡಂ ಊಟದ ಡಬ್ಬಿ ತೆರೆದಿದ್ದರು. ಹೊಸನಗರದವರ ಫೋನ್ ಬಂತು. ಹಿಂದೆ ಗಾಳಿಯ ಸದ್ದು.

“ಅಕ್ಕ, ಘಾಟಿಲಿ ಮರವೇ ಬಿದ್ದಿದೆ. ಎಳೆ ಒಂದ್ಸಲ ಬರತ್ತೆ, ಒಂದ್ಸಲ ಹೋಗತ್ತೆ. ಸಾಗರದಲ್ಲಿ ಎಂತಾದ್ರೂ ಗೊತ್ತಾಯ್ತಾ?”

ಮೇಡಂ ನನ್ನ ಕಡೆ ನೋಡಿದರು. ನಾನು ಪರದೆ ನೋಡಿದೆ. ಹೊಸನಗರದ ಸಾಲು ಅಲ್ಲಾಡದೆ ನಿಂತಿತ್ತು. ಹೊರಗೆ ಯಾರೂ ಬೈಯಲು ಬಂದಿರಲಿಲ್ಲ. ಮೇಡಂ ಎದ್ದು ಯಂತ್ರಗಳ ಕೋಣೆಗೆ ಹೋಗಿ, ಮೂಲೆಯ ದೊಡ್ಡ ಪೆಟ್ಟಿಗೆಯ ಬೆನ್ನ ಮೇಲೆ ಎಡಗೈ ಇಟ್ಟರು. ಬಲಗೈಯಲ್ಲಿ ಅನ್ನ ಅಂಟಿತ್ತು.

“ತಣ್ಣಗಿದೆ” ಎಂದರು, ಅಲ್ಲಿಂದಲೇ, ಜೋರಾಗಿ. “ನಮಗೆಂತದೂ ಗೊತ್ತಾಗ್ಲಿಲ್ಲ!”

“ಹಂಗಾದ್ರೆ ಸರಿ. ನಮ್ಮ ಮರ ನಾವೇ ತೆಗೀತೀವಿ” ಎಂದರು ಹೊಸನಗರದವರು. ಆ ಮಾತಿನಲ್ಲಿದ್ದ ಹೆಮ್ಮೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಂಜೆ ಸಾಗರದವರು ಯಾರೂ ಕೇಳದೆಯೇ ಇಬ್ಬರು ಹುಡುಗರನ್ನು ಗರಗಸ ಕೊಟ್ಟು ಘಾಟಿಗೆ ಕಳಿಸಿದರು. ಬೇರೆಯಾಗುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಾತು ಕೊಟ್ಟ ಹಾಗೆ ಮೇಡಂ ಮನೆಗೆ ಹೊರಟರು. ಮಳೆಗಾಲ ಮುಗಿದ ಮೇಲೂ ಬೇಸಿಗೆಯ ತನಕ ಇರಿ ಎಂದು ಮೂವರೂ ಹಿಡಿದುಕೊಂಡರು, ಇದ್ದರು. ಅಷ್ಟರಲ್ಲಿ ತಮ್ಮನ ಸಿಟ್ಟು ಇಳಿದಿತ್ತು. ಅವನೇ ವ್ಯಾನು ತಂದು ಅಕ್ಕನ ಸಾಮಾನು ತುಂಬಿಸಿದ. ಬೀಳ್ಕೊಡುಗೆಗೆ ಶಾಲು ತಂದಿದ್ದೆವು. ಮೇಡಂ ಅದನ್ನು ಹೊದೆಯದೆ ಮಡಚಿ ಚೀಲದಲ್ಲಿಟ್ಟರು, “ಮೇಳಿಗೆಲಿ ಚಳಿ ಜಾಸ್ತಿ, ಉಪಯೋಗಕ್ಕೆ ಬರತ್ತೆ” ಎಂದರು. ಮಾತಾಡಿ ಎಂದಾಗ ಎದ್ದು ನಿಂತು, “ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಮರೀಬೇಡಿ” ಎಂದು ಕೂತರು. ಹೊಸನಗರದವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಈ ಮಳೆಗಾಲದಲ್ಲಿ, ಬೇರೆ ಏನೋ ಕೆಲಸಕ್ಕೆ ತೀರ್ಥಹಳ್ಳಿ ಕಚೇರಿಯವನ ಜೊತೆ ಮಾತಾಡುತ್ತಿದ್ದೆ. ಮಾತಿನ ನಡುವೆ ಅವನು, “ನಿಮ್ಮ ಮೇಡಂ ಮನೆ ಲೈನು ಮೊನ್ನೆಯಿಂದ ಇರ್ಲಿಲ್ಲ, ಇವತ್ತು ಸರಿ ಮಾಡಿ ಬಂದೆ ಮಾರಾಯ್ರೆ” ಎಂದ. ಮೇಡಂ ಮನೆಯಲ್ಲಿ ಮೊನ್ನೆಯಿಂದ ನೆಟ್ ಇಲ್ಲ, ಸಾಗರದಲ್ಲಿ ಕೂತ ನನಗೆ ಗೊತ್ತೇ ಇಲ್ಲ. ಕೂಡಲೇ ಅವರ ಮೊಬೈಲಿಗೆ ಫೋನ್ ಮಾಡಿದೆ.

“ಮೇಡಂ, ನಾನು. ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ಎಲ್ಲಿಂದ ಮಾತಾಡ್ತಿದೀರಿ?” ಎಂದರು.

“ಮೇಡಂ!”

“ಎಲ್ಲಿಂದ?”

“ಸಾಗರದಿಂದ.”

“ಸಾಗರದವ್ರಿಗೆ ಮೇಳಿಗೆ ಸುದ್ದಿ ಯಾಕೆ? ತೀರ್ಥಹಳ್ಳಿಯವನಿಗೆ ಹೇಳಿದ್ದೆ, ಬಂದ, ಮಾಡಿದ. ಕಾಫಿ ಕುಡ್ದು ಹೋದ. ಒಳ್ಳೆ ಹುಡುಗ.” ಆಮೇಲೆ ದನಿ ಇಳಿಸಿ ಕೇಳಿದರು, “ಅಂದ್ರೆ ಅಲ್ಲಿ ಗೊತ್ತೇ ಆಗ್ಲಿಲ್ಲ?”

“ಇಲ್ಲ ಮೇಡಂ.”

“ಹೌದಾ!” ಎಂದರು. ಅಷ್ಟು ಸಂತೋಷದ ದನಿಯನ್ನು ನಾನು ಅವರಿಂದ ಕೇಳಿದ್ದು ಕಡಿಮೆ.

ಈಗಲೂ ಬೆಳಿಗ್ಗೆ ಕಚೇರಿಗೆ ಬಂದವನು ಮೊದಲು ಪರದೆ ನೋಡುತ್ತೇನೆ. ಹೊಸನಗರಕ್ಕೆ ಒಂದು ಸಾಲು, ತೀರ್ಥಹಳ್ಳಿಗೆ ಒಂದು ಸಾಲು. ತೀರ್ಥಹಳ್ಳಿಯ ಆ ಸಾಲಿನೊಳಗೆ ಎಲ್ಲೋ ಮೇಡಂ ಇದ್ದಾರೆ, ತಮ್ಮನ ಮನೆಯ ಉಳಿದವರ ಜೊತೆ, ಸಾಗರದವರ ಕೂಸಿನ ಮನೆಯ ಪಕ್ಕದಲ್ಲಿ. ಅವರ ಮಂಡಿ ಹೇಗಿದೆ, ಮಳೆಗೆ ಶಾಲು ಹೊದ್ದರೋ ಇಲ್ಲವೋ, ಆ ಸಾಲು ಹೇಳುವುದಿಲ್ಲ. ಹೇಳಬಾರದು ಎಂದೇ ಅವರು ಬರೆದ ಸಾಲು ಅದು. ಅದು ಹೇಳದ್ದನ್ನು ನಾನು ಭಾನುವಾರ ಫೋನ್ ಮಾಡಿ ಕೇಳುತ್ತೇನೆ. ಅದಕ್ಕೆ ಮಾತ್ರ ಅವರು ಇನ್ನೂ ಬೈದಿಲ್ಲ.